ಮೊದಲ ತುತ್ತು ಶಂಕ್ರವ್ವನದು

ಆ ದಿನ ಮಾಲಿಂಗಪ್ಪ ಗಾಣದ ಮನೆಯಲ್ಲಿ ಕುಳಿತುಕೊಂಡೇ ಬೆಲ್ಲ ನೋಡಿದ. ಆಳುಗಳು ಕುದಿಯುವ ಪಾಕವನ್ನು ತಂದು ತಣ್ಣೀರಿಗೆ ಬಿಡುವರು. ಇವನು ಅದನ್ನು ಬೆರಳಲ್ಲಿ ಉಂಡೆ ಮಾಡಿ, ಇನ್ನಷ್ಟು ಉರಿ ಹಾಕಿರಿ ಎನ್ನುವನು, ಇಲ್ಲವೆ ಕೊಪ್ಪರಿಗೆ ಇಳಿಸಿರಿ ಎನ್ನುವನು. ಕುಲಗೋಡದ ಸುತ್ತ ಅವನ ಬೆರಳಿನಂಥ ಬೆರಳು ಇರಲಿಲ್ಲ. ಅವನು ಇಳಿಸೆಂದ ಬೆಲ್ಲ ಮಳೆಗಾಲದಲ್ಲೂ ಬೆವರುತ್ತಿರಲಿಲ್ಲ. ಉಳಿದಂತೆ ದೊಡ್ಡ ಮನುಷ್ಯನೇನಲ್ಲ. ಸಿಟ್ಟು ಬಂದರೆ ಎಲೆಯಡಿಕೆ ಹಾಕಿ ಬಾಯಿ ತುಂಬಿಸಿಕೊಂಡು ಸುಮ್ಮನಾಗುವವನು.

ಮಧ್ಯಾಹ್ನ ಹೆಂಡತಿ ಶಂಕ್ರವ್ವ ಬುತ್ತಿ ತಂದಳು. ಉಂಡಾದ ಮೇಲೆ ಸೀಸೆ ತೆಗೆದು ನೀರಿಗೆ ಔಷಧದ ಹನಿ ಬಿಟ್ಟು ಕೊಟ್ಟಳು. ಅವನು ಕುಡಿದು ಮುಖ ಕಿವುಚಿದ. ಅವಳು ಒಂದು ಚೂರು ಬಿಸಿ ಬೆಲ್ಲ ಅವನ ಬಾಯಿಗಿಟ್ಟಳು. ಅದು ಅವರ ಕೊನೆಯ ನೆಟ್ಟಗಿನ ದಿನ.

ರೋಗ ಶುರುವಾದದ್ದು ಹಿಂದಿನ ವರ್ಷ. ಉಗುಳು ಕೆಂಪಗಿರುತ್ತಿತ್ತು. ಎಲೆಯಡಿಕೆಯವನ ಉಗುಳನ್ನು ಯಾರು ನೋಡುತ್ತಾರೆ? ಒಸಡು ಒಡೆದು ಬರುವ ರಕ್ತ ಅದು ಎಂದು ಅವನಿಗೂ ತಿಳಿಯಲಿಲ್ಲ. ಆಮೇಲೆ ಪೆಟ್ಟು ಬೀಳದೆ ತೊಡೆಯ ಮೇಲೆ ಕಪ್ಪು ಕಲೆಗಳೆದ್ದವು. ಮೈ ಸೊರಗಿತು. ಎಡಪಕ್ಕೆಯ ಕೆಳಗೆ ಗಟ್ಟಿ ಗಡ್ಡೆ ಬೆಳೆಯಿತು, ಹೊಕ್ಕಳಿನ ತನಕ ಬಂತು.

ಗಂಡ ಮುಷ್ಟಿಯಲ್ಲಿರಲಿ ಎಂದು ಹೆಂಡತಿ ಅನ್ನದಲ್ಲಿ ಏನನ್ನೋ ಕಲಸಿ ತಿನ್ನಿಸುತ್ತಾಳೆ, ಅದು ಹೊಟ್ಟೆಯಲ್ಲಿ ಗಡ್ಡೆಯಾಗಿ ಕೂಡುತ್ತದೆ ಎಂದು ಆ ಕಡೆ ನಂಬುತ್ತಾರೆ. ಅದಕ್ಕೆ ಮದ್ದು ಹಾಕುವುದು ಎನ್ನುತ್ತಾರೆ. ಅತ್ತೆ ಅಕ್ಕವ್ವ ಗಡ್ಡೆಯನ್ನು ಮುಟ್ಟಿ ನೋಡಿದವಳೇ ಸೊಸೆಯ ಮುಖ ನೋಡಿದಳು. ತನ್ನ ತಮ್ಮನ ಮಗಳನ್ನು ಸೊಸೆಯಾಗಿ ತರಬೇಕೆಂದಿದ್ದ ಮನೆಗೆ ಹುಕ್ಕೇರಿಯ ಹೆಣ್ಣು ಬಂದಿತ್ತು. ಮಕ್ಕಳೂ ಆಗಿರಲಿಲ್ಲ. ಅಕ್ಕವ್ವನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ನೀರಿಗೆ ಹೋದಲ್ಲಿ, ಬೀಸುವಲ್ಲಿ, ಹುಕ್ಕೇರಿಯಾಕಿ ಮದ್ದು ಹಾಕಿದಳು ಎಂದು ಹೇಳಿಕೊಂಡು ಬಂದಳು.

ಶಂಕ್ರವ್ವ ಹಟ ಹಿಡಿದು ಗಂಡನನ್ನು ಬೆಳಗಾವಿಯ ದೊಡ್ಡ ದವಾಖಾನೆಗೆ ಕರೆದೊಯ್ದಳು. ಗೋಕಾಕ ರೋಡ ಸ್ಟೇಶನ್ನಿನ ತನಕ ಚಕ್ಕಡಿ, ಅಲ್ಲಿಂದ ರೈಲು. ಜೊತೆಗೆ ಮೈದುನ ಕಲ್ಲಪ್ಪ.

ಡಾಕ್ಟರು ರಕ್ತ ತೆಗೆದು ಗಾಜಿನ ನಳಿಗೆಯಲ್ಲಿ ನಿಲ್ಲಿಸಿದರು. ಕೆಂಪು ಕೆಳಗಿಳಿಯಿತು. ಮೇಲೆ ಬಿಳಿಯ ಕೆನೆಯಂಥದು ದಪ್ಪಗೆ ಕಟ್ಟಿತು. ಒಳ್ಳೆಯ ರಕ್ತದಲ್ಲಿ ಅದು ಕೂದಲೆಳೆಯಷ್ಟೂ ಕಾಣುವುದಿಲ್ಲವಂತೆ. ಒಂದು ಹನಿಯನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸಣ್ಣದನ್ನು ದೊಡ್ಡದಾಗಿ ತೋರಿಸುವ ದುರ್ಬೀನಿನ ಕೆಳಗಿಟ್ಟು ಶಂಕ್ರವ್ವನಿಗೂ ನೋಡು ಎಂದರು. ಕಣದಲ್ಲಿ ಜೋಳ ಚೆಲ್ಲಿದ ಹಾಗೆ ನೇರಳೆ ಕಾಳು, ಕಾಳಿನ ಮೇಲೆ ಕಾಳು. ಅವು ರಕ್ತದ ಬಿಳಿ ಕಣಗಳು, ಎಲುಬಿನ ಒಳಗಿನ ಮಜ್ಜೆಯಲ್ಲಿ ಅಳತೆ ತಪ್ಪಿ ಹುಟ್ಟುತ್ತಿವೆ, ಕೆಂಪು ಕಣಗಳಿಗೆ ಜಾಗ ಕೊಡುವುದಿಲ್ಲ, ಎಡಪಕ್ಕೆಯೊಳಗಿನ ಗುಲ್ಮ ಎಂಬ ಅಂಗದಲ್ಲಿ ಸೇರಿಕೊಂಡು ಅದನ್ನು ಉಬ್ಬಿಸಿವೆ, ಹೊಟ್ಟೆಯ ಗಡ್ಡೆ ಎಂದರೆ ಆ ಗುಲ್ಮವೇ ಎಂದು ಹೇಳಿದರು.

ಮಾಲಿಂಗಪ್ಪ ನಳಿಗೆಯನ್ನೇ ನೋಡುತ್ತಿದ್ದ. "ಕೊಪ್ಪರಿಗಿ ಮ್ಯಾಲ ಹೊಲಸ ನೊರಿ ಬಂದ್ಹಂಗ ಐತಿ. ಜಾಲರಿ ಹಾಕಿ ತಗ್ಯಾಕ ಬರಂಗಿಲ್ಲೇನ್ರಿ ಸಾಹೇಬ್ರ?"

ಬರುವುದಿಲ್ಲ ಎಂದು ಡಾಕ್ಟರು ನಳಿಗೆಯನ್ನು ತೆಗೆದಿಟ್ಟರು.

ಶಂಕ್ರವ್ವ ಬಂದದ್ದೇ ಒಂದು ಮಾತಿಗಾಗಿ. ಅದನ್ನು ಕೇಳಿದಳು. "ಉಣ್ಣೂದರಾಗ ಯಾರರ ಏನರ ಹಾಕಿದ್ರ ಹಿಂಗ ಆಗತೈತೇನ್ರಿ?"

"ಇಲ್ಲವ್ವ. ಇದು ಯಾರೂ ಕೊಟ್ಟ ರೋಗ ಅಲ್ಲ."

ಅವಳು ಹಿಂದಿರುಗಿ ನೋಡಿದಳು. ಕಲ್ಲಪ್ಪ ಅಲ್ಲಿರಲಿಲ್ಲ. ಬೀಡಿ ಸೇದಲು ಹೊರಗೆ ಹೋಗಿದ್ದ. ಅವನು ಒಳಗೆ ಬರುವ ಹೊತ್ತಿಗೆ ಡಾಕ್ಟರು ಸೀಸೆಯ ಮಾತಿಗೆ ಬಂದಿದ್ದರು. ಇದರಲ್ಲಿ ಸೋಮಲವಿದೆ, ವಿಷ, ಹನಿ ಲೆಕ್ಕ ತಪ್ಪಬಾರದು, ಗುಣವಾಗದಿದ್ದರೂ ಕೆಲವು ಕಾಲ ತಡೆಯುತ್ತದೆ. ಗುಲ್ಮ ಉಬ್ಬಿದೆ, ಒಡೆದರೆ ಬದುಕುವುದಿಲ್ಲ, ಹೊಟ್ಟೆ ಒತ್ತಬೇಡಿ, ಪೆಟ್ಟು ಬೀಳದಿರಲಿ. ಇಷ್ಟನ್ನು ಕಲ್ಲಪ್ಪ ಕೇಳಿದ. ಅದರಲ್ಲಿ ಅವನ ತಲೆಯಲ್ಲಿ ಉಳಿದದ್ದು ಇಲಿಗೆ ಹಾಕುವ ಸೋಮಲ ಒಂದೇ.

ಔಷಧ ಹಿಡಿಯಿತು. ಗಡ್ಡೆ ಇಳಿಯತೊಡಗಿತು, ಮಾಲಿಂಗಪ್ಪ ಗಾಣಕ್ಕೆ ಹೋಗುವಷ್ಟಾದ. ಆ ಮಧ್ಯಾಹ್ನ ಅವನು ಬೆಲ್ಲ ತಿಂದು ನಕ್ಕು ಮನೆಗೆ ಬಂದರೆ ಅಕ್ಕವ್ವ ಹೊಸ್ತಿಲಲ್ಲಿ ನಿಂತಿದ್ದಳು. ಕಲ್ಲಪ್ಪ ಆಗ ತಾನೇ ಸೋಮಲದ ಸುದ್ದಿ ಹೇಳಿದ್ದ. ಅವಳು ಸೊಸೆಯ ಕೈಯಿಂದ ಸೀಸೆ ಕಿತ್ತು ಒರಳಿಗೆ ಹೊಡೆದಳು.

"ನನ್ನ ಮಗ್ಗ ಹಗಲಾಗ, ಎಲ್ಲಾರ ಮುಂದ ವಿಷ ಕುಡಸಾಕತ್ತೀಯಲ್ಲ, ಹುಕ್ಕೇರಿಯಾಕಿ. ಎದಿ ಎಷ್ಟ ಗಟ್ಟಿ ನಿಂದು."

ಮರುದಿನ ಅಂಕಲಗಿಯ ಕಡೆ ಮದ್ದು ತೆಗೆಯುವವನೊಬ್ಬನ ಬಳಿ ಹೋಗುವುದೆಂದಾಯಿತು. ಅವನು ಬೇರಿನ ಕಷಾಯ ಕುಡಿಸಿ, ಹೊಟ್ಟೆ ತಿಕ್ಕಿ, ವಾಂತಿ ಮಾಡಿಸಿ, ಒಳಗಿನ ಮದ್ದನ್ನು ಬೀಳಿಸುತ್ತಾನೆ. ಶಂಕ್ರವ್ವ ಗಂಡನಿಗೆ ಅಡ್ಡ ನಿಂತಳು. ಒತ್ತಬಾರದೆಂದು ಡಾಕ್ಟರು ಹೇಳಿದ್ದನ್ನು ನೆನಪಿಸಿದಳು. ಅವನು ರುಮಾಲು ಸುತ್ತಿಕೊಳ್ಳುತ್ತಲೇ ಇದ್ದ.

"ಹೋಗಿ ವಾಂತಿ ಮಾಡ್ಕೊಂಡ ಬರ್ತೀನಿ. ಏನೂ ಬೀಳಲಿಲ್ಲಂದ್ರ ಅವ್ವನ ಬಾಯಿ ಮುಚ್ಚತೈತಿ. ನಿನ್ನ ಸಲುವಾಗಿನ ಹೊಂಟೇನಿ."

ಮದ್ದು ತೆಗೆಯುವವನ ಕೈಯಲ್ಲಿ ಏನೂ ಬೀಳದೆ ಯಾರೂ ಎದ್ದದ್ದಿಲ್ಲ. ಅದು ಮಾಲಿಂಗಪ್ಪನಿಗೆ ಹೊಳೆಯಲಿಲ್ಲ.

ಮದ್ದು ಹಾಕಿದವಳು ಬಂದರೆ ಅದು ಬೀಳುವುದಿಲ್ಲವೆಂದು ಶಂಕ್ರವ್ವನನ್ನು ಬಿಟ್ಟು ಹೋದರು. ಅಲ್ಲಿ ನಡೆದದ್ದನ್ನು ಚಕ್ಕಡಿ ಹೊಡೆದ ಖಂಡೆಪ್ಪ ಆಮೇಲೆ ಹೇಳಿದ. ಕಷಾಯ ಕುಡಿಸಿದರು. ಗಡ್ಡೆ ಸಡಿಲಾಗಲೆಂದು ಆ ಮನುಷ್ಯ ಮಾಲಿಂಗಪ್ಪನ ಹೊಟ್ಟೆಯ ಮೇಲೆ ಮೊಣಕಾಲೂರಿ ತಿಕ್ಕಿದ. ವಾಂತಿಯಲ್ಲಿ ಕರಿ ರಕ್ತದ ಹೆಪ್ಪು ಬಿತ್ತು. ಅದನ್ನು ನೀರಲ್ಲಿ ತೊಳೆದು, ನೋಡಿರಿ ಮದ್ದು ಎಂದು ಮುತ್ತಲದ ಎಲೆಯ ಮೇಲಿಟ್ಟ. ಮಾಲಿಂಗಪ್ಪ ಎಡ ಹೆಗಲು ಸೆಳೆಯುತ್ತದೆ ಎಂದ. ಚಕ್ಕಡಿಯಲ್ಲಿ ನೀರು ಕೇಳಿದ. ಊರ ಹಳ್ಳ ದಾಟುವಾಗ ಮೈ ಸುಣ್ಣದಂತೆ ಬೆಳ್ಳಗಾಗಿತ್ತು.

ಚಕ್ಕಡಿಯಿಂದ ಮೊದಲು ಇಳಿದವಳು ಅಕ್ಕವ್ವ. ಕೈಯಲ್ಲಿ ಎಲೆ ಇತ್ತು. ಮಗನ ಹೆಣ ಇಳಿಸುವ ಮೊದಲೇ ಅದನ್ನು ಊರ ಹಿರಿಯರಿಗೆ ತೋರಿಸಿದಳು.

ಮಣ್ಣು ಮಾಡಿ ಬಂದ ಮೇಲೆ ಹಿರಿಯರು ಕಟ್ಟೆಗೆ ಕೂಡಿದರು. ಶಂಕ್ರವ್ವ ತಲೆಯ ಮೇಲೆ ಸೆರಗು ಹೊದ್ದು ನಿಂತು ಮೈದುನನನ್ನೇ ಕೇಳಿದಳು. "ಕಲ್ಲಪ್ಪ, ಇದು ಯಾರೂ ಕೊಟ್ಟ ರೋಗ ಅಲ್ಲಂತ ಡಾಕ್ಟರ ಹೇಳಿದ್ದ ಹೇಳು."

"ನಾ ಕೇಳಿಲ್ಲ ವೈನಿ. ನಾ ಬಂದಾಗ ಸೀಸ್ಯಾಗ ಸೋಮಲ ಐತಿ ಅಂದ್ರು. ಅಷ್ಟ ಕೇಳೇನಿ."

ಅವನು ಸುಳ್ಳು ಹೇಳಲಿಲ್ಲ. ಅದಕ್ಕೇ ಹಿರಿಯರ ಮುಂದೆ ಅವನ ಮಾತೇ ಗಟ್ಟಿಯಾಯಿತು.

ಹುಕ್ಕೇರಿಗೆ ಹೋಗಿಬಿಡು ಎಂದರು. ಹೋದರೆ ಒಪ್ಪಿಕೊಂಡಂತೆ ಎಂದು ಶಂಕ್ರವ್ವ ಅಲುಗಲಿಲ್ಲ. ಗಂಡನ ಮನೆ, ಇಲ್ಲೇ ಸಾಯುತ್ತೇನೆ ಎಂದಳು. ಅಕ್ಕವ್ವ, ಈಕೆ ಬೇಯಿಸಿದ್ದನ್ನು ಯಾರು ಉಣ್ಣುತ್ತಾರೆ ಎಂದಳು. ಕಲ್ಲಪ್ಪನ ಹೆಂಡತಿ ಹೊಲದ ಕೆಲಸದವಳು, ಒಲೆ ನೋಡಿಕೊಳ್ಳಲು ಮನೆಯಲ್ಲಿ ಬೇರೆ ಸೊಸೆ ಇರಲಿಲ್ಲ. ಕೊನೆಗೆ ಹಿರಿಯರು ಒಂದು ಷರತ್ತು ಹಾಕಿದರು. ಅಡಿಗೆ ಅವಳೇ ಮಾಡಲಿ, ಮೊದಲ ತುತ್ತು ಎಲ್ಲರೆದುರು ಅವಳೇ ತಿನ್ನಲಿ.

ಸುಗ್ಗಿಗಳು ಹೋದವು. ಷರತ್ತು ಹಾಕಿದ ಹಿರಿಯರೂ ಹೋದರು. ಈಗ ಸಾಕು ಎಂದು ಕಲ್ಲಪ್ಪ ಎರಡು ಸಲ ಹೇಳಿದ. ಅಕ್ಕವ್ವ ಬಿಡಲಿಲ್ಲ. ಶಂಕ್ರವ್ವನೂ ಬಿಡಲಿಲ್ಲ.

ಬೆಳಿಗ್ಗೆ ಅವಳು ರೊಟ್ಟಿ ಬಡಿಯುತ್ತಾಳೆ. ಮೊದಲ ರೊಟ್ಟಿಯನ್ನು ಹಂಚಿನಿಂದ ತೆಗೆದು ತಟ್ಟೆಯಲ್ಲಿ ಒಯ್ದು ಅತ್ತೆಯ ಎದುರು ಕುಕ್ಕರಗಾಲಲ್ಲಿ ಕುಳಿತುಕೊಳ್ಳುತ್ತಾಳೆ. ಒಂದು ತುಂಡು ಮುರಿದು, ಪಲ್ಯ ಹಚ್ಚಿ, ಬಾಯಿಗಿಡುತ್ತಾಳೆ. ಅಕ್ಕವ್ವ ಹಸಿದ ಕಣ್ಣಲ್ಲಿ ಸೊಸೆಯ ಗಂಟಲನ್ನೇ ನೋಡುತ್ತಾಳೆ. ಶಂಕ್ರವ್ವ ಅವಸರ ಮಾಡುವುದಿಲ್ಲ. ರೊಟ್ಟಿ ಆರುವ ತನಕ ಅಗಿಯುತ್ತಾಳೆ. ಆಮೇಲೆ ನುಂಗಿ, ಬಾಯಿ ತೆರೆದು ತೋರಿಸಿ, ತಟ್ಟೆಯನ್ನು ಅತ್ತೆಯ ಕಡೆ ಸರಿಸಿ ಒಲೆಯ ಮುಂದೆ ಹೋಗಿ ಕುಳಿತುಕೊಳ್ಳುತ್ತಾಳೆ.