ಹೆಸರಿಲ್ಲದ ಉತ್ತರ

ಎಂಬತ್ತರ ದಶಕದ ಕೊನೆ. ನನ್ನ ಗಂಡ ನೌಕಾಪಡೆಯ ಹಡಗೊಂದರ ಎಂಜಿನ್ ರೂಮಿನಲ್ಲಿ ಕೆಲಸಕ್ಕಿದ್ದರು. ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ನಮ್ಮದು ಬಾಡಿಗೆ ಮನೆ. ಒಂದು ಸಂಜೆ ಅಪರೂಪಕ್ಕೆ ಹಗುರ ಮನಸ್ಸಿನಿಂದ ಮನೆಗೆ ಬಂದರು. ವೈದ್ಯರ ತಂಡವೊಂದು ಸಿಬ್ಬಂದಿಯ ಆರೋಗ್ಯದ ಅಭ್ಯಾಸಗಳನ್ನು ಅಳೆಯುತ್ತಿದೆಯಂತೆ. ನಿದ್ದೆ, ಸಿಗರೇಟು, ಕುಡಿತ ಎಲ್ಲದಕ್ಕೂ ಉತ್ತರ ಬರೆದುಕೊಡಬೇಕಂತೆ.

"ನೀವೇನ್ ಬರದ್ರಿ?" ಎಂದೆ.

"ಖರೇನ ಬರದೆ. ಮುಂಜಾನೆ ಎದ್ದ ಕೂಡ್ಲೆ ಕೈ ನಡುಗ್ತಾವ, ಒಂದ್ ಗುಟುಕು ಹಾಕಿದ್ರನ ನಿಲ್ತಾವ ಅಂತ. ಹೆಸರು ಕೇಳೂದಿಲ್ಲ ಅಂದಾರ."

ಅವರ ಕೈಯಲ್ಲಿ ಚಹಾದ ಕಪ್ಪು-ಬಸಿ ಗಲಗಲ ಎನ್ನುವುದನ್ನು ನಾನು ದಿನಾ ಕೇಳುತ್ತಿದ್ದೆ. ನನ್ನೆದುರು ಆಡದ ಮಾತನ್ನು ಗುರುತಿಲ್ಲದವರಿಗೆ ಹೇಳಿದರಲ್ಲ ಎಂದು ನೋವಾಯಿತು. ಆದರೂ ಇನ್ನು ಯಾರಾದರೂ ಔಷಧ ಕೊಟ್ಟಾರು ಎಂದು ಆಸೆಪಟ್ಟೆ.

ಹೆಸರು ಕೇಳಿರಲಿಲ್ಲ, ನಿಜ. ಕೆಲಸದ ವಿಭಾಗ ಕೇಳಿದ್ದರು, ಮಾತೃಭಾಷೆ ಕೇಳಿದ್ದರು. ಆ ಎಂಜಿನ್ ರೂಮಿನಲ್ಲಿ ಕನ್ನಡದವರು ಇವರೊಬ್ಬರೇ.

ಕೆಲವೇ ವಾರಗಳಲ್ಲಿ ಇವರನ್ನು ಹಡಗಿನಿಂದ ಇಳಿಸಿ ಮಾನಸಿಕ ರೋಗಿಗಳ ವಾರ್ಡಿಗೆ ಕಳಿಸಿದರು. ಜೊತೆಯಲ್ಲಿ ಕುಡಿಯುತ್ತಿದ್ದವರೆಲ್ಲ "ಕುಡಿಯುವುದಿಲ್ಲ" ಎಂದು ಬರೆದು ಅದೇ ಹಡಗಿನಲ್ಲಿ ಹೋದರು. ನಾನು ಆ ವೈದ್ಯರನ್ನು ಹುಡುಕಿಕೊಂಡು ಹೋಗಿ, ಹರಕು ಹಿಂದಿಯಲ್ಲಿ ಕೇಳಿದೆ: ಹೆಸರು ಬೇಡವೆಂದು ಮಾತು ಕೊಟ್ಟಿದ್ದಿರಲ್ಲ?

"ನಾವು ಹೆಸರು ಕೇಳಲೇ ಇಲ್ಲವಲ್ಲಮ್ಮ," ಎಂದರು, ಬಹಳ ಮೃದುವಾಗಿ.

ವಾರ್ಡಿನಲ್ಲಿ ನಿದ್ದೆಯ ಗುಳಿಗೆ ಕೊಟ್ಟರು. ಕುಡಿತ ಬಿಡಿಸುವ ಮಾತನ್ನು ಒಬ್ಬರೂ ಎತ್ತಲಿಲ್ಲ. ಬಡ್ತಿ ನಿಂತಿತು; ಆಮೇಲೆ ನೌಕರಿಯೇ ಹೋಯಿತು.

ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂನಲ್ಲಿ ಒಬ್ಬ ಗುತ್ತಿಗೆದಾರ ಪಂಪು ರಿಪೇರಿಯ ಕೆಲಸ ಕೊಟ್ಟ. ಸೇರುವ ಮೊದಲು ಅಲ್ಲಿಯೂ ಡಾಕ್ಟರ ಪರೀಕ್ಷೆ. ಕುಡಿತವಿದೆಯೇ ಎಂದಾಗ ಇವರು ಎರಡೂ ಕೈಗಳನ್ನು ತೊಡೆಗಳ ನಡುವೆ ಒತ್ತಿಹಿಡಿದು, "ಇಲ್ಲ ಸಾರ್," ಎಂದರು. ಮುಖ ನೋಡದೆಯೇ ಡಾಕ್ಟರು ಪಾಸು ಮಾಡಿದರು.

ಹೊರಗೆ ಬಂದ ಮೇಲೆ ನಾನು ಸಿಟ್ಟಾದೆ. "ಇಲ್ಲೆರ ಹೇಳಬೇಕಿತ್ತಲ್ರೀ!"

"ಹೇಳಿ ನೋಡೀನಲ್ಲ," ಎಂದರು.

ಮತ್ತೆಂದೂ ಯಾರಿಗೂ ಹೇಳಲಿಲ್ಲ, ಕಣ್ಣು ಹಳದಿಯಾದ ಮೇಲೂ. ವಿಜಯವಾಡದ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಹೊಟ್ಟೆಯಲ್ಲಿ ನೀರು ತುಂಬಿತ್ತು. ಅಲ್ಲಿನ ವೈದ್ಯರು, ಇಷ್ಟು ದಿನ ಬಾಯಿಬಿಡದೆ ಹೇಗಿದ್ದಿರಿ ಎಂದು ತೆಲುಗಿನಲ್ಲಿ ನನ್ನನ್ನೇ ಗದರಿದರು. ಒಮ್ಮೆ ಬಾಯಿಬಿಟ್ಟಿದ್ದರು ಎಂದೆ. ಅಷ್ಟರಲ್ಲಿ ಆ ವೈದ್ಯರು ಪಕ್ಕದ ಮಂಚದವನ ನಾಡಿ ಹಿಡಿದಿದ್ದರು.