ಮಾಸ್ಟ್ರು ಬಿಟ್ಟುಕೊಟ್ಟ ಅತ್ತಿಗೆ ಪಾತ್ರ

ಹತ್ತನೆಯ ತರಗತಿ ಮುಗಿದ ಮೇಲೆ ಅಮ್ಮ ನನ್ನನ್ನು ಕಾಪು ಪೇಟೆಯ ಒಂದು ಟೈಲರ್ ಅಂಗಡಿಗೆ ಹೊಲಿಗೆ ಕಲಿಯಲು ಸೇರಿಸಿದರು. ಅಂಗಡಿಯ ಮಾಸ್ಟ್ರಿಗೆ ಆಗ ನಲವತ್ತು ದಾಟಿತ್ತು. ರವಿಕೆ ಹೊಲಿಯುವುದರಲ್ಲಿ ಅವರಿಗೆ ದೊಡ್ಡ ಹೆಸರು. ಕಟಪಾಡಿಯಿಂದ, ಉಡುಪಿಯಿಂದ ಕೂಡ ಹೆಂಗಸರು ಬಸ್ಸು ಹತ್ತಿ ಬರುತ್ತಿದ್ದರು.

ಒಮ್ಮೆ ಒಬ್ಬರು ಟೀಚರು ಕೇಳಿಯೇಬಿಟ್ಟರು. "ಬೇರೆಯವರು ಹೊಲಿದದ್ದು ಕೈ ಎತ್ತಿದರೆ ಕಂಕುಳಲ್ಲಿ ಎಳೆಯುತ್ತದೆ. ನಿಮ್ಮದು ಎಳೆಯುವುದಿಲ್ಲ. ಅದು ಹೇಗೆ ಮಾಸ್ಟ್ರೇ?"

"ನಾನೂ ಹಾಕಿಕೊಳ್ಳುತ್ತೇನಲ್ಲ ಟೀಚರ್, ನನಗೆ ಗೊತ್ತುಂಟು," ಎಂದರು ಮಾಸ್ಟ್ರು.

ಅದು ತಮಾಷೆಯಲ್ಲ. ಮಾಸ್ಟ್ರು ಒಂದು ತುಳು ನಾಟಕ ತಂಡದಲ್ಲಿ ಹೆಣ್ಣು ಪಾತ್ರ ಮಾಡುತ್ತಿದ್ದರು. ಒಂದು ಮನೆಯ ಪಾಲು ಪಂಚಾತಿಕೆಯ ನಾಟಕದಲ್ಲಿ ಅವರ ಅತ್ತಿಗೆ ಪಾತ್ರ ನೋಡಲೆಂದೇ ಜನ ಬರುತ್ತಿದ್ದರು. ಮಗನಂತೆ ಸಾಕಿದ ಮೈದುನ ಪಾಲು ಕೇಳಲು ಬಂದಾಗ ಅತ್ತಿಗೆ ಅಳುವುದಿಲ್ಲ, ಬೈಯುವುದಿಲ್ಲ. "ಪಾಲು ಬೇಕಾದರೆ ತೆಗೆದುಕೋ. ಇವತ್ತಿನ ಊಟ ಮಾತ್ರ ಇಲ್ಲೇ ಮಾಡಿ ಹೋಗು," ಎನ್ನುತ್ತಾಳೆ. ಆ ಮಾತಿಗೆ ಇಡೀ ಮೈದಾನ ಗಪ್‌ಚಿಪ್ ಆಗುತ್ತಿತ್ತು.

ನಾನು ಅಂಗಡಿ ಸೇರಿದ ಎರಡನೆಯ ವರ್ಷ ತಂಡದ ಯಜಮಾನರು ಬಂದರು. ಕುರ್ಚಿಯಲ್ಲಿ ಕುಳಿತು ತುಂಬಾ ಹೊತ್ತು ಏನೇನೋ ಮಾತಾಡಿ ಕೊನೆಗೆ ವಿಷಯಕ್ಕೆ ಬಂದರು. ಈಗೀಗ ಜನ ಹೆಣ್ಣು ಪಾತ್ರಕ್ಕೆ ಹೆಂಗಸರೇ ಬೇಕು ಎನ್ನುತ್ತಾರೆ, ಬೇರೆ ತಂಡಗಳು ಆಗಲೇ ಕರೆದುಕೊಂಡಿವೆ, ಎಂತ ಮಾಡುವುದು ಎಂದರು. ಮಾಸ್ಟ್ರು ಕೈಯಲ್ಲಿದ್ದ ಬಟ್ಟೆಯನ್ನು ಕೊನೆಯವರೆಗೆ ಕತ್ತರಿಸಿ ಮುಗಿಸಿದರು. ಆಮೇಲೆ ಹುಕ್ಸ್ ಹಾಕುತ್ತ ಕುಳಿತಿದ್ದ ನನ್ನ ಕಡೆ ನೋಡಿದರು.

"ಇವಳು ಮಾಡ್ತಾಳೆ. ನಾನು ಕಲಿಸ್ತೇನೆ."

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದೆ. ಅಮ್ಮನೂ ಸುಲಭದಲ್ಲಿ ಒಪ್ಪಲಿಲ್ಲ. "ಮಾಸ್ಟ್ರು ಹೋಗುವಲ್ಲಿಂದ ಬರುವವರೆಗೆ ಜೊತೆಗಿದ್ದರೆ ಮಾತ್ರ," ಎಂದರು. ಮಾಸ್ಟ್ರು ಮಾತು ಕೊಟ್ಟರು.

ಸಂಜೆ ಅಂಗಡಿಯ ಶಟರ್ ಅರ್ಧ ಎಳೆದು ಮಿಷನ್‌ಗಳ ನಡುವಿನ ಜಾಗದಲ್ಲಿ ನನಗೆ ಪಾಠ. ಅಮ್ಮ ಸ್ಟೂಲಿನಲ್ಲಿ ಕುಳಿತು ನೋಡುತ್ತಿದ್ದರು. ಹೆಣ್ಣಾಗಿ ಹುಟ್ಟಿದ ನನಗೆ ಹೆಂಗಸಿನ ನಡಿಗೆ ಬರುವುದಿಲ್ಲ ಎಂದು ಗೊತ್ತಾದದ್ದು ಅಲ್ಲಿ. "ನೀನು ಬಸ್ಸಿಗೆ ಓಡುವವಳ ಹಾಗೆ ನಡೀತಿ ಮಾರಾಯ್ತಿ. ಅವಳು ಮನೆಯ ಯಜಮಾನ್ತಿ. ಅವಳಿಗೆ ಎಂತ ಅವಸರ?" ಎಂದು ಪಂಚೆಯ ಮೇಲೆಯೇ ಬೆವರು ಒರೆಸುವ ಬೈರಾಸನ್ನು ಸೆರಗು ಹೊದ್ದಂತೆ ಹಾಕಿಕೊಂಡು ಅವರು ನಡೆದು ತೋರಿಸುತ್ತಿದ್ದರು. ಮೀಸೆಯಿಲ್ಲದ, ಬೆವರಿದ ಆ ಮುಖ ನಾಲ್ಕು ಹೆಜ್ಜೆಯೊಳಗೆ ಬೇರೆಯೇ ಆಗುತ್ತಿತ್ತು. ಅಮ್ಮ ಒಂದು ದಿನ ತನಗರಿಯದೆ ಎದ್ದು ನಿಂತರು. ದೊಡ್ಡವರು ಯಾರೋ ಒಳಗೆ ಬಂದರೆ ಏಳುತ್ತೇವಲ್ಲ, ಹಾಗೆ.

ನನ್ನ ಮೊದಲ ನಾಟಕ ಕಾರ್ಕಳದಲ್ಲಿ, ಒಂದು ಶಾಲೆಯ ಮೈದಾನದಲ್ಲಿ. ಮಾಸ್ಟ್ರು ತಮ್ಮ ಪಾತ್ರದ ರವಿಕೆಯನ್ನೇ ಬಿಚ್ಚಿ, ನನ್ನ ಅಳತೆಗೆ ಇಳಿಸಿ ಹೊಲಿದಿದ್ದರು. ಬಣ್ಣ ಹಚ್ಚಿದವರೂ ಅವರೇ. ಪರದೆ ಎಳೆಯುವಾಗಲೂ ನಾನು ಮೊದಲ ಮಾತನ್ನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದೆ. ಆದರೆ ಊಟದ ಮಾತಿನ ಹೊತ್ತಿಗೆ ಮೈದಾನ ಗಪ್‌ಚಿಪ್ ಆಯಿತು. ಅಷ್ಟು ಜನರ ಮೌನ ನನ್ನದಾದದ್ದು ಅದೇ ಮೊದಲು. ಬದುಕಿನಲ್ಲಿ ಮತ್ತೆ ಯಾವುದೂ ನನಗೆ ಅಷ್ಟು ರುಚಿಸಲಿಲ್ಲ.

ಎಲ್ಲರೂ ಬಂದು ಹೊಗಳಿದರು. ಮಾಸ್ಟ್ರು ಹೇಳಿದ್ದು ಇಷ್ಟೇ. "ಎರಡನೇ ಸೀನಿನಲ್ಲಿ ಬಾಗಿಲಿಗೆ ಬೇಗ ಬಂದೆ."

ಆಮೇಲೆ ಹನ್ನೆರಡು ವರ್ಷ ನಾನು ಆಡಿದೆ. ಹಗಲು ಹೊಲಿಗೆ, ನಾಟಕವಿದ್ದ ದಿನ ಮಧ್ಯಾಹ್ನಕ್ಕೇ ವ್ಯಾನು. ಮದುವೆಯಾದ ಮೇಲೂ ಗಂಡ ತಡೆಯಲಿಲ್ಲ. ಮಲ್ಪೆಯಲ್ಲಿ ಬಲೆ ಕೆಲಸ ಮುಗಿಸಿ ಅವರೂ ಒಮ್ಮೊಮ್ಮೆ ಬಂದು ಹಿಂದೆ ನಿಂತು ನೋಡುತ್ತಿದ್ದರು. ಮಾಸ್ಟ್ರು ಪ್ರತಿ ನಾಟಕಕ್ಕೂ ಬರುತ್ತಿದ್ದರು, ಸೂಜಿ ನೂಲು ಹಿಡಿದು ರಂಗದ ಬದಿಯಲ್ಲಿ, ಸೈಡ್ ವಿಂಗಿನಲ್ಲಿ ಇರುತ್ತಿದ್ದರು. ಯಜಮಾನರು ಮುದುಕನ ಪಾತ್ರ ಕೊಟ್ಟರೆ ಬೇಡ ಎಂದರು. ಒಂದು ದಿನ ವ್ಯಾನಿನಲ್ಲಿ ಧೈರ್ಯ ಮಾಡಿ ಕೇಳಿದೆ. "ಮಾಸ್ಟ್ರೇ, ನಿಮಗೆ ಬೇಜಾರಿಲ್ಲವಾ?"

"ಬೇಜಾರು ಎಂತದು? ರವಿಕೆ ನನಗೆ ಬಿಗಿ ಆಗ್ತಿತ್ತು," ಎಂದು ನಕ್ಕರು. ನಾನು ನಂಬಿದೆ. ನಂಬಿದರೆ ನನಗೂ ಸುಲಭವಿತ್ತು.

ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾಯಿತು. ಸೂಜಿಗೆ ನೂಲು ಪೋಣಿಸಲಾಗದ ದಿನ ಅಂಗಡಿಯ ಕೀಲಿ ನನ್ನ ಕೈಗೆ ಕೊಟ್ಟು ಮನೆಯಲ್ಲಿ ಕುಳಿತರು. ಅದೇ ವರ್ಷ ನನ್ನ ಕುತ್ತಿಗೆಯಲ್ಲಿ ಗಂಟು ಕಂಡಿತು. ಮಣಿಪಾಲದಲ್ಲಿ ಡಾಕ್ಟರು ಕಾಗದದಲ್ಲಿ ಚಿತ್ರ ಬರೆದು ತೋರಿಸಿದರು. ಗಂಟು ಸ್ವರದ ನರಕ್ಕೆ ಅಂಟಿಕೊಂಡಿದೆ, ಜೀವ ಉಳಿಯುತ್ತದೆ, ಸ್ವರದ ಬಗ್ಗೆ ಮಾತು ಕೊಡಲಾಗುವುದಿಲ್ಲ ಎಂದು ಮೊದಲೇ ಹೇಳಿದರು. ಆಪರೇಷನ್ ಆಗಿ ಎಚ್ಚರವಾದಾಗ ಗಂಡನನ್ನು ಕರೆದೆ. ಬಂದದ್ದು ಬರೀ ಗಾಳಿ.

ನಾಲ್ಕನೆಯ ದಿನ ಮಾಸ್ಟ್ರು ತಮ್ಮ ಮಗಳ ಕೈ ಹಿಡಿದು ವಾರ್ಡಿಗೆ ಬಂದರು. ಮಂಚದ ಅಂಚು ತಡವಿ ಕುಳಿತರು. ನನಗೆ ಮಾತಿಲ್ಲ, ಅವರಿಗೆ ನನ್ನ ಮುಖ ಕಾಣುವುದಿಲ್ಲ. ನನ್ನ ಕಣ್ಣೀರು ಅವರ ಕೈಗೆ ತಾಗಿರಬೇಕು. ಒಮ್ಮೆಲೇ ಅತ್ತಿಗೆಯ ಮಾತು ಶುರು ಮಾಡಿದರು. ತಮ್ಮ ಹಳೆಯ ಹೆಣ್ಣು ದನಿಯಲ್ಲಿ, ಮೊದಲ ಸೀನಿನಿಂದ. ಒಂದು ಶಬ್ದ ತಪ್ಪಲಿಲ್ಲ. ಎಲ್ಲಿ ಉಸಿರು ತೆಗೆಯಬೇಕೋ ಅಲ್ಲಿ ತೆಗೆದರು. ಪಕ್ಕದ ಮಂಚದವರು ಎದ್ದು ಕುಳಿತರು. ಔಷಧಿ ತಂದ ಸಿಸ್ಟರ್ ಟ್ರೇ ಹಿಡಿದು ಅಲ್ಲೇ ನಿಂತರು. ಊಟದ ಮಾತು ಬಂದಾಗ ವಾರ್ಡಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ.

ಹನ್ನೆರಡು ವರ್ಷ ಸೈಡ್ ವಿಂಗಿನಲ್ಲಿ ನಿಂತು ಈ ಮನುಷ್ಯ ಪ್ರತಿ ಸಲವೂ ನನ್ನ ಜೊತೆಗೇ ಆಡುತ್ತಿದ್ದರು ಎಂದು ಆಗ ತಿಳಿಯಿತು.

ಮುಗಿಸಿ ಅವರು ಬೈರಾಸಿನಿಂದ ಮುಖ ಒರೆಸಿಕೊಂಡರು. "ಬೇಜಾರಿತ್ತು ಮಗಾ," ಎಂದರು. "ತುಂಬಾ ಇತ್ತು. ನಿನ್ನ ಮೇಲೆ ಅಲ್ಲ." ನಾನು ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಮಾಸ್ಟ್ರು ತೀರಿಕೊಂಡು ನಾಲ್ಕು ವರ್ಷವಾಯಿತು. ನನ್ನ ಸ್ವರ ಪಿಸುಮಾತಿನಷ್ಟು ಮರಳಿದೆ. ಅಳತೆ ಹೇಳಿ ಬರೆಸಲು ಅಷ್ಟು ಸಾಕು. ತಂಡ ಈಗ ಹೊಸ ನಾಟಕ ಆಡುತ್ತಿದೆ, ಬಟ್ಟೆಯೆಲ್ಲ ನನ್ನ ಹೊಲಿಗೆ. ಕಳೆದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ಉಡುಪಿಯ ಒಂದು ಸಭಾಭವನದಲ್ಲಿ ಪ್ರದರ್ಶನವಿತ್ತು. ಮುಖ್ಯ ಪಾತ್ರದ ಹುಡುಗಿ ಒಂದು ಕಡೆ ಮಾತು ಮರೆತು ನಿಂತಳು. ನಾಟಕದ ಅಭ್ಯಾಸದಲ್ಲಿ ಕೇಳಿ ಕೇಳಿ ಆ ಮಾತು ನನಗೆ ಬಾಯಿಪಾಠವಾಗಿತ್ತು. ವಿಂಗಿನಿಂದ ಹೇಳಿದೆ, ಅವಳಿಗೆ ಮುಟ್ಟಲಿಲ್ಲ. ಅಷ್ಟರಲ್ಲಿ ಅವಳೇ ನೆನಪು ಮಾಡಿಕೊಂಡು ಮುಂದುವರಿದಳು, ಚೆಂದವಾಗಿಯೇ.

ನಾಟಕ ಮುಗಿದ ಮೇಲೆ ಬಟ್ಟೆ ಮಡಚುತ್ತ ಯಜಮಾನರನ್ನು ಕೇಳಿದೆ. "ಮಾತಿಲ್ಲದ ಪಾತ್ರ ಯಾವುದಾದರೂ ಉಂಟಾ?"

ಅವರು ನಕ್ಕರು. ನಾನು ನಗಲಿಲ್ಲ ಎಂದು ಕಂಡು ನಗು ನಿಲ್ಲಿಸಿದರು. "ನೋಡುವ, ಅಲ್ವಾ," ಎಂದರು.

ಮತ್ತೆ ಸುದ್ದಿಯಿಲ್ಲ. ಬರಲಿಕ್ಕಿಲ್ಲ ಎಂದು ಮನಸ್ಸಿಗೆ ಗೊತ್ತುಂಟು. ಆದರೂ ಅಂಗಡಿಯಲ್ಲಿ ಫೋನು ರಿಂಗಾದರೆ ಮಿಷನ್ ನಿಲ್ಲಿಸಿ, ಅವರದೇ ಇರಬಹುದೇ ಎಂದು ಮೊದಲು ನೋಡುತ್ತೇನೆ.