ಮೂರು ಪರದೆಯ ಹಿಂದೆ ರೊಟ್ಟಿಯ ಸದ್ದು

ಬಸವಕಲ್ಯಾಣದ ಕೋಟೆ ಕಡೆಯ ಗಲ್ಲಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುವ ದ್ರೌಪತಿಯ ತಗಡಿನ ಶೆಡ್ಡಿನಲ್ಲಿ ಆಗಲೇ ಒಲೆ ಹೊತ್ತಿದೆ. ಹಲಗೆಯ ಪಕ್ಕ ಮೊಣಕಾಲೂರಿ ಕುಳಿತ ಹೆಂಗಸು ರೊಟ್ಟಿ ಕೊಳ್ಳಲು ಬಂದವಳಲ್ಲ. ಕೈಯಲ್ಲಿ ಮೊಬೈಲು, ಅದಕ್ಕೆ ಗಾಳಿ ತಾಗದಂತೆ ದುಪಟ್ಟಾದ ಎರಡು ಸುತ್ತು. ಮಗುವಿಗೆ ಕುಲಾವಿ ಕಟ್ಟಿದ ಹಾಗೆ ಕಟ್ಟಿಕೊಂಡು, ಹಿಟ್ಟು ಸಿಡಿದರೂ ಮುಖ ಆಚೆ ತಿರುಗಿಸದೆ ಹಿಡಿದು ಕೂತಿದ್ದಾಳೆ.

"ದ್ರೌಪತಿಬಾಯಿ, ಮಾತಾಡಬ್ಯಾಡ್ರಿ. ಬರೇ ಬಡೀರಿ."

"ಬಾಯಿ ಮುಚ್ಚಿದ್ರ ನನ್ನ ಕೈ ನಡೆಯಂಗಿಲ್ಲ ತಂಗಿ," ಎನ್ನುತ್ತಾಳೆ ದ್ರೌಪತಿ. ಎನ್ನುತ್ತಲೇ ಬಡಿಯುತ್ತಾಳೆ. ರೊಟ್ಟಿ ಅಂಗೈಯಡಿ ತಿರುಗುತ್ತಾ ಹಿಗ್ಗುತ್ತದೆ. ಅಷ್ಟರಲ್ಲಿ ಗಲ್ಲಿಯಲ್ಲಿ ಹಾಲಿನವನ ಬೈಕು ಗುಡುಗುಡು ಎಂದು ಹಾದುಹೋಗುತ್ತದೆ. ಹೆಂಗಸು ಕಣ್ಣು ಮುಚ್ಚಿ ಒಂದು ಉಸಿರು ಬಿಟ್ಟು, ರೆಕಾರ್ಡಾದದ್ದನ್ನು ಅಳಿಸಿ, "ಇನ್ನೊಂದು ಉಂಡಿ ಹಿಟ್ಟು ತಗೋರಿ," ಎನ್ನುತ್ತಾಳೆ. ಇದು ಇವತ್ತಿನ ಎಷ್ಟನೆಯ ರೊಟ್ಟಿಯೋ ದ್ರೌಪತಿಗೂ ಲೆಕ್ಕವಿಲ್ಲ. ಸದ್ದು ಚೊಕ್ಕವಾಗಿ ಸಿಗುವ ತನಕ ಈಕೆ ಏಳುವವಳಲ್ಲ ಎಂಬುದು ಮಾತ್ರ ಗೊತ್ತು.

ಇವಳ ಹೆಸರು ಮೀನಾಜ್. ವಯಸ್ಸು ನಲವತ್ತು ದಾಟಿದೆ. ಬಸವಕಲ್ಯಾಣದಿಂದ ಹುಮನಾಬಾದಿನವರೆಗೆ ಮದುವೆ ಮನೆಗಳ ಹೆಂಗಸರ ಕೋಣೆಯಲ್ಲಿ ಹೆಸರು ಹೇಳಿದರೆ ಯಾರಿಗೂ ತಿಳಿಯುವುದಿಲ್ಲ. 'ಬೂಝೋವಾಲಿ' ಎಂದರೆ ಎಲ್ಲರಿಗೂ ಗೊತ್ತು. ದಖ್ಖನಿ ಉರ್ದುವಿನಲ್ಲಿ ಬೂಝೋ ಅಂದರೆ ಊಹಿಸಿ ಹೇಳು ಎಂದರ್ಥ. ಆಕೆಯ ಕಸುಬೇ ಅದು: ಮೆಹೆಂದಿ, ಹಲ್ದಿ, ಹುಟ್ಟುಹಬ್ಬಗಳಲ್ಲಿ ಎಲೆಕ್ಟ್ರಾನಿಕ್ ಬೀಟ್ ಬಾರಿಸಿ, ಅದರೊಳಗೆ ಅಡಗಿರುವ ಪದ ಯಾವುದೆಂದು ಕೂತವರಿಂದ ಹೇಳಿಸುವುದು.

ಆಟ ಹುಟ್ಟಿದ್ದು ಒದ್ದೆ ಕೈಗಳಿಂದ. ಮೀನಾಜ್ ಮೊದಲು ಮೆಹೆಂದಿ ಹಚ್ಚುವವಳಾಗಿದ್ದಳು. ಮೆಹೆಂದಿ ಹಚ್ಚಿಸಿಕೊಂಡ ಮೇಲೆ ಹೆಂಗಸರ ಪಾಡು ನೋಡಬೇಕು. ಮೊಬೈಲು ಮುಟ್ಟುವಂತಿಲ್ಲ, ಚಪ್ಪಾಳೆ ತಟ್ಟುವಂತಿಲ್ಲ, ಮೂಗು ತುರಿಸಿದರೂ ಪಕ್ಕದವಳನ್ನು ಕರೆಯಬೇಕು. ಚೀಟಿ ಎತ್ತಿ ಪದ ಊಹಿಸುವ ಆಟವನ್ನು ಯಾರೋ ಒಮ್ಮೆ ತಂದರು. ಚೀಟಿಗೆಲ್ಲ ಮೆಹೆಂದಿ ಮೆತ್ತಿತು, ಓದಲು ಬಾರದ ಮುದುಕಿಯರು ಮೂಲೆ ಸೇರಿದರು, ಆಟ ಹಾಳಾಗಿ ಹೋಯಿತು.

"ಕೈ ಬಂದ್ ಆದ್ರೂ ಕಿವಿ, ಬಾಯಿ ಖುಲ್ಲಾ ಇರ್ತಾವಲ್ರಿ," ಎನ್ನುತ್ತಾಳೆ ಮೀನಾಜ್. "ಅವೆರಡರಿಂದ್ಲೇ ಏನರೆ ಆಡಿಸಬೇಕು ಅಂತ ತಲ್ಯಾಗ ಕೂತುಬಿಡ್ತು."

ತಮ್ಮ ಏಜಾಜ್ ಹುಮನಾಬಾದಿನಲ್ಲಿ ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುತ್ತಾನೆ. ಅವನ ಅಂಗಡಿಯ ಮೂಲೆಯಲ್ಲಿ ಒಂದು ಹಳೆಯ ಪ್ಯಾಡ್ ಧೂಳು ತಿನ್ನುತ್ತಿತ್ತು. ರಬ್ಬರಿನ ಎಂಟು ಚೌಕ. ಒಂದೊಂದಕ್ಕೆ ಒಂದೊಂದು ಸದ್ದು ತುಂಬಿ, ಬೆರಳು ಬಡಿದರೆ ಅದು ಹೊರಬರುತ್ತದೆ. ಅಕ್ಕ ಅದನ್ನು ಸೆರಗಿನಲ್ಲಿ ಒರೆಸಿ ಮನೆಗೆ ತಂದಳು. ಮೊದಮೊದಲು ಸಿನಿಮಾ ಹಾಡಿನ ಟ್ಯೂನ್ ಹಾಕಿದಳು. ಕಾಲೇಜು ಹುಡುಗಿಯರು ಅರೆಕ್ಷಣದಲ್ಲಿ ಹೇಳಿಬಿಡುತ್ತಿದ್ದರು, ಮುದುಕಿಯರು ಮತ್ತೆ ಗೋಡೆ ನೋಡುತ್ತಿದ್ದರು. ಅದಕ್ಕೇ ಹಾಡನ್ನು ಬಿಟ್ಟಳು, ಊರಿನ ಸದ್ದು ಹಿಡಿದಳು. ಕಂಡಕ್ಟರನ ಸೀಟಿ, ಹಳ್ಳಿಖೇಡದ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ಕಿರುಗುಡುವ ಕಬ್ಬಿನ ಟ್ರಾಲಿ, ಹೊಲಿಗೆ ಯಂತ್ರ, ನಲ್ಲಿ ಬಂದಾಗ ಕೊಡ ತುಂಬುವುದು. ನಸುಕಿನಲ್ಲೇ ಹೊರಡುವುದು ಇದಕ್ಕಾಗಿ; ಹಾರ್ನುಗಳು ಎದ್ದಮೇಲೆ ಊರಿನಲ್ಲಿ ಒಂದು ಸದ್ದೂ ಒಂಟಿಯಾಗಿ ಸಿಗುವುದಿಲ್ಲ.

ಹಿಡಿದ ಸದ್ದನ್ನು ಆಕೆ ನೇರವಾಗಿ ಕೇಳಿಸುವುದಿಲ್ಲ. ಮೊದಲು ಅದನ್ನು ತಗ್ಗಿಸಿ, ನಿಧಾನಿಸಿ, ಮತ್ತೆ ಮತ್ತೆ ತಿರುಗಿಸಿ ದಂ ದಂ ಎನ್ನುವ ಬೀಟ್ ಮಾಡುತ್ತಾಳೆ. ಅದು ಮೊದಲ ಪರದೆ. ಯಾರೂ ಹೇಳದಿದ್ದರೆ ಸ್ವಲ್ಪ ಬಿಚ್ಚುತ್ತಾಳೆ, ಎರಡನೆಯ ಪರದೆ. ಮೂರನೆಯದೂ ಸರಿದರೆ ಒಳಗಿದ್ದ ಸದ್ದು ಇದ್ದ ಹಾಗೇ ಹೊರಬರುತ್ತದೆ. ಮದುಮಗಳ ತಾಯಿಯ ಕಡೆಯವರು ಒಂದು ತಂಡ, ತಂದೆಯ ಕಡೆಯವರು ಇನ್ನೊಂದು. ಉತ್ತರ ಕನ್ನಡದಲ್ಲಿ ಬರಲಿ, ದಖ್ಖನಿಯಲ್ಲಿ ಬರಲಿ, ಮರಾಠಿಯಲ್ಲಿ ಬರಲಿ, ನಡೆಯುತ್ತದೆ. ಗೆದ್ದವರ ಬಾಯಿಗೆ ಮೊದಲ ಮಿಠಾಯಿ. ತಿನ್ನಿಸುವವಳು ಮೀನಾಜಳೇ, ಆ ಕೋಣೆಯಲ್ಲಿ ಒಣಗಿದ ಕೈ ಇರುವುದು ಆಕೆಯೊಬ್ಬಳಿಗೇ.

ಕೆಲಸ ಕುದುರಿತು. ಕೊಹಿನೂರ, ಗೋರ್ಟಾ ಕಡೆಯ ಹಳ್ಳಿಗಳಿಂದಲೂ ಹಲ್ದಿಗೆ ಕರೆ ಬರತೊಡಗಿತು. ಗಂಡ ಅಮೀರ ಕಬ್ಬಿನ ಲಾರಿ ಓಡಿಸುವವ. ಕಾರ್ಖಾನೆ ನಿಂತ ತಿಂಗಳುಗಳಲ್ಲಿ ಅವನಿಗೆ ಕೆಲಸವಿಲ್ಲ. ಆಗೆಲ್ಲ ಮನೆಯ ಒಲೆ ಉರಿದದ್ದು ಈ ಎಂಟು ಚೌಕಗಳ ಮೇಲೆಯೇ. ಮೆಹೆಂದಿಯ ಕೋನನ್ನು ಆಕೆ ಕೆಳಗಿಟ್ಟುಬಿಟ್ಟಳು. ಹೇಗೂ ಹೊಸ ಹುಡುಗಿಯರ ಸಣ್ಣ ಡಿಸೈನುಗಳ ಮುಂದೆ ಆಕೆಯ ಕೈ ನಿಲ್ಲುತ್ತಿರಲಿಲ್ಲ.

ಅಷ್ಟರಲ್ಲಿ, ಹೋದ ಚಳಿಗಾಲದಲ್ಲಿ, ಹುಮನಾಬಾದಿನ ಒಂದು ಮೊಹಲ್ಲಾದ ಹಿರಿಯರು ಕೂತು ಒಂದು ಫೈಸಲಾ ಮಾಡಿದರು: ಇನ್ನು ಮುಂದೆ ಯಾವ ಮದುವೆಯಲ್ಲೂ ಡಿಜೆ ಬೇಡ, ಬಾಜಾ-ಬಜಂತ್ರಿ ಬೇಡ. ಅದಕ್ಕೆ ಕಾರಣವೂ ಇತ್ತು. ಒಂದು ಮೆರವಣಿಗೆಯ ಡಿಜೆಗೆ ಮನೆಗಳ ತಗಡು ನಡುಗಿ, ಹಾಸಿಗೆ ಹಿಡಿದಿದ್ದ ಮುದುಕರೊಬ್ಬರು ಎದೆ ಹಿಡಿದುಕೊಂಡು ಎದ್ದು ಕೂತಿದ್ದರು.

"ಹಿರ್ಯಾರು ಮಾಡಿದ್ದು ಬರೋಬ್ಬರಿನೇ ಅದ್ರಿ," ಎನ್ನುತ್ತಾಳೆ ಮೀನಾಜ್. "ಆ ಡಿಜೆ ನಂಗೂ ಎದಿಗೆ ಗುದ್ದಿದಂಗ ಆಗ್ತದ. ಆದ್ರ ನನ್ನ ಟಿಫಿನ್ ಡಬ್ಬಿಯಷ್ಟು ಸ್ಪೀಕರ್‌ಗೂ ಡಿಜೆ ಅಂತ ಹೆಸರಿಟ್ರಲ್ಲ, ಅದು ಕರುಳಿಗೆ ಹತ್ತಿತು."

ಒಂದರ ಹಿಂದೆ ಒಂದು ಬುಕಿಂಗ್ ರದ್ದಾದವು. ಉಳಿದದ್ದು ಒಂದೇ, ಅದೂ ಫೈಸಲಾ ಮಾಡಿದ ಹಿರಿಯರಲ್ಲಿ ಮುಖ್ಯರಾದ, ಬಟ್ಟೆ ವ್ಯಾಪಾರದ ನಬೀಸಾಬರ ಮನೆಯದು. ಅವರ ಮೊಮ್ಮಗಳು ನೂರೀನ್ ತನ್ನ ಮೆಹೆಂದಿಗೆ ಬೂಝೋವಾಲಿಯೇ ಬೇಕೆಂದು ಹಟ ಹಿಡಿದಿದ್ದಳು. ಅಜ್ಜ ಬೇಡವೆಂದರೆ ಮಾತು ಹುಮನಾಬಾದಿನಲ್ಲಿ ನಿಲ್ಲುವುದಿಲ್ಲ, ಬಸವಕಲ್ಯಾಣಕ್ಕೂ ಬರುತ್ತದೆ. ಆಮೇಲೆ ಪ್ಯಾಡು ಮತ್ತೆ ಧೂಳು ತಿನ್ನಬೇಕು.

ಏಜಾಜ್ ಅಕ್ಕನಿಗೆ ಬುದ್ಧಿ ಹೇಳಿದ. "ಬಿಟ್ಟಬಿಡು ಆಪಾ. ದೊಡ್ಡವ್ರ ಎದುರು ಹೋಗಿ ಮಾತಾಡಾಕ ನಮ್ಗ ಯಾಕ ಬೇಕು?"

"ಕೇಳಲಾರದೆ ಬ್ಯಾಡ ಅಂದಾರ ಅವ್ರು," ಎಂದಳು ಮೀನಾಜ್. "ಕೇಳಿ ಬ್ಯಾಡ ಅನ್ಲಿ. ಆಮ್ಯಾಲ ನಾನು ಪ್ಯಾಡ್ ನಿನ್ನ ಅಂಗಡ್ಯಾಗ ತಂದಿಡ್ತೀನಿ."

ಮರುದಿನ ಮೊದಲ ಬಸ್ಸು ಹಿಡಿದಳು. ಪ್ಯಾಡಿನ ಡಬ್ಬಕ್ಕೆ ಲಗೇಜ್ ಟಿಕೆಟು ಬೇಕೆಂದ ಕಂಡಕ್ಟರನೊಡನೆ ದಾರಿಯುದ್ದಕ್ಕೂ ವಾದಿಸಿದಳು. ವಾದಿಸಿದ್ದೇ ಒಳ್ಳೆಯದಾಯಿತು, ಹೆದರುವುದಕ್ಕೆ ಪುರುಸೊತ್ತು ಸಿಗಲಿಲ್ಲ.

ನಬೀಸಾಬ್ ಮುಂದಿನ ಕೋಣೆಯ ಮರದ ತಖ್ತದ ಮೇಲೆ ಕೂತಿದ್ದರು. ಒಳಬಾಗಿಲಿನ ಪರದೆಯ ಹಿಂದೆ ಹೆಂಡತಿ ಮುನ್ನಿ ಬೀ, ಅವರ ಬೆನ್ನಿಗೆ ನೂರೀನ್. ಚಹಾ ಬಂತು. ಚಹಾ ಮುಗಿದ ಮೇಲೆ ನಬೀಸಾಬ್ ಮೆಲ್ಲನೆ ಹೇಳಿದರು: "ಬೇಟಿ, ಬಾಜಾ ಅಂದ್ರ ಬಾಜಾನೇ. ಸಣ್ಣದಿರ್ಲಿ, ದೊಡ್ಡದಿರ್ಲಿ."

"ಚಾಚಾ, ಒಮ್ಮೆ ಕೇಳ್ರಿ. ಕೇಳಿ ಬ್ಯಾಡ ಅಂದ್ರ ನಾ ಒಂದು ಮಾತೂ ಆಡಂಗಿಲ್ಲ."

ಅವರು ಆಗಲಿ ಎಂದು ತಲೆಯಾಡಿಸಿದರು. ಮೀನಾಜ್ ಮೊದಲ ಪರದೆ ಬಾರಿಸಿದಳು. ತಗ್ಗು ದನಿಯ, ಉರುಳಿ ಉರುಳಿ ಬರುವ ಬೀಟ್.

"ಢೋಲಕ್," ಎಂದರು ನಬೀಸಾಬ್. "ಇದು ಬಾಜಾ ಅಲ್ದ ಇನ್ನೇನು?"

ಎರಡನೆಯ ಪರದೆ. ಲಯ ಚುರುಕಾಯಿತು, ಸದ್ದು ಹತ್ತಿರ ಬಂತು. ಬಾಗಿಲ ಪರದೆಯ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಬೀಸಾಬ್ ಕಣ್ಣು ಮುಚ್ಚಿ ಕೇಳಿ, "ಢೋಲಕೇ. ಚಲೋ ಕಲ್ತ ಕೈ ಅದ," ಎಂದರು. ಮೂರನೆಯ ಪರದೆಯೂ ಸರಿಯಿತು. ಬೀಟ್ ಇಲ್ಲ, ಏನೂ ಇಲ್ಲ, ಬರೀ ಆ ಸದ್ದು, ನಡುವೆ ಒಂದು ಬಳೆಯ ಕಿಣಿ. ಆದರೂ ಅವರು ಢೋಲಕ್ ಬಿಡಲಿಲ್ಲ.

ಪರದೆಯ ಹಿಂದಿನಿಂದ ಮುನ್ನಿ ಬೀಯ ದನಿ ಬಂತು. "ಏನ್ರಿ, ಐವತ್ತು ವರ್ಷ ಆತು, ನನ್ನ ಕೈಯಾಗಿನ ಢೋಲಕ್ ತಿನ್ನಾಕತ್ತೀರಿ. ರೊಟ್ಟಿ ಬಡಿಯೋ ಸಪ್ಪಳ ಅದು. ಇದು ಬಾಜಾ ಆದ್ರ ನಾಳಿಯಿಂದ ಅಡಿಗಿಮನಿಗೂ ಬಂದಿ ಹಾಕ್ರಿ, ನನಗೂ ಆರಾಮ ಆಗ್ತದ."

ನೂರೀನ್ ನಗು ತಡೆಯಲಾರದೆ ಒಳಕ್ಕೆ ಓಡಿದಳು. ಮೀನಾಜ್ ಮಾತ್ರ ನಗಲಿಲ್ಲ. ಹೊರಗಿನವಳೊಬ್ಬಳ ಎದುರಿಗೆ ಮನೆಯ ಹಿರಿಯರು ಸೋತಿದ್ದರು. ಇನ್ನು ಎದ್ದು ಹೋಗು ಎನ್ನುತ್ತಾರೆ ಎಂದುಕೊಂಡು ಆಕೆ ಸ್ವಿಚ್ಚಿನ ಮೇಲೆ ಬೆರಳಿಟ್ಟಳು.

"ಇನ್ನೊಮ್ಮೆ ಹಾಕು," ಎಂದರು ನಬೀಸಾಬ್. "ಮೊದಲಿಂದ."

ಮೂರೂ ಪರದೆಗೆ ಮತ್ತೆ ಕಿವಿಗೊಟ್ಟರು. ಆಮೇಲೆ ಕೇಳಿದರು, "ಮೊದಲನೇದು ಢೋಲಕ್ ಹಾಂಗೇ ಇತ್ತಲ್ಲ ಬೇಟಿ?"

ಇಲ್ಲ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಮೀನಾಜಳ ನಾಲಿಗೆ ಅದಕ್ಕೆ ಒಪ್ಪಲಿಲ್ಲ. "ಸುಳ್ಳು ಹೇಳಂಗಿಲ್ಲ ಚಾಚಾ. ಮೊದಲ ಪರದ್ಯಾಗ ಅದು ಬಾಜಾದಂಗೇ ಇರ್ತದ. ನಾನೇ ಹಂಗ ಮಾಡೀನಿ. ಹಂಗ ಮಾಡಿದ್ರೇ ಬೂಝಾಕ ಮಜಾ. ಒಳಗ ಇರೋದು ಮಾತ್ರ ರೊಟ್ಟೀನೇ."

ನಬೀಸಾಬ್ ಗಡ್ಡ ನೀವಿಕೊಂಡರು. ಬಟ್ಟೆ ವ್ಯಾಪಾರದವರು, ಥಾನು ಬಿಚ್ಚಿ ತೋರಿಸದೆ ಯಾರಿಗೂ ಮಾರಿದವರಲ್ಲ. "ಹಂಗಾದ್ರ ಒಂದು ಶರ್ತ," ಎಂದರು. "ಪರದೆ ಹಾಕಿದ್ದನ್ನ ತೆಗೀದೆ ಬಿಡಬ್ಯಾಡ. ಮೊದಲ್ನೇದಕ್ಕೇ ಯಾರರೆ ಹೇಳಿದ್ರೂ ಮೂರೂ ತೆಗದು ಒಳಗ ಏನದ ಅಂತ ಕೇಳಸ್ಬೇಕು. ಸಪ್ಪಳ ಅಂಗಳದ ಗ್ವಾಡಿ ದಾಟಬಾರ್ದು. ಅಷ್ಟಾದ್ರ ಬಾ. ರೊಟ್ಟಿಗಿ ಬಾಜಾ ಅಂತ ನಾ ಹ್ಯಾಂಗ ಅನ್ಲಿ?"

ನೂರೀನಳ ಮೆಹೆಂದಿ ನಡೆಯಿತು. ಒಂದು ಗೋಡೆಯಾಚೆ ಮಲಗಿದ್ದ ಕೂಸು ಎಚ್ಚರಾಗಲಿಲ್ಲ ಎಂಬುದು ಆ ಮನೆಯವರು ಇಂದಿಗೂ ಹೇಳುವ ಮಾತು. ಆಟದಲ್ಲಿ ತಾಯಿಯ ಕಡೆಯವರು ಗೆದ್ದರು. ತಂದೆಯ ಕಡೆಯ ತಂಡದಲ್ಲಿದ್ದ ಮುನ್ನಿ ಬೀ, ಉಳಿದವರಿಗೆ ಸದ್ದು ತಿಳಿಯುವುದಿಲ್ಲ ಎಂದು ಎರಡು ದಿನ ಮುನಿಸಿಕೊಂಡಿದ್ದರಂತೆ. ಬೇರೆ ಹಿರಿಯರು ಫೈಸಲಾದ ಮಾತೆತ್ತಿದರೆ ನಬೀಸಾಬ್ ವಾದಕ್ಕಿಳಿಯುವುದಿಲ್ಲ. ಮೀನಾಜಳನ್ನು ಕರೆಸಿ, ರೊಟ್ಟಿಯ ಸದ್ದು ಹಾಕಿಸಿ, "ಬೂಝ್ರಿ ನೋಡೂಣು," ಎನ್ನುತ್ತಾರೆ. ಮೊದಮೊದಲು ಬಂದವರೆಲ್ಲ ಢೋಲಕ್ ಎಂದೇ ಹೇಳಿ, ಸೋತು, ಫೈಸಲಾದ ಮಾತು ಬಿಟ್ಟು ಎದ್ದು ಹೋದರು. ರದ್ದಾದ ಬುಕಿಂಗುಗಳೂ ಒಂದೊಂದಾಗಿ ಮರಳಿವೆ, ಬರೆದಿಡದ ಆ ಶರ್ತವನ್ನು ಮೀನಾಜ್ ಎಲ್ಲ ಊರಲ್ಲೂ ಪಾಲಿಸುತ್ತಾಳೆ. ಕೊಹಿನೂರಿನ ಹಲ್ದಿಯಲ್ಲಿ ಹುಡುಗಿಯೊಬ್ಬಳು ಮೊದಲ ಪರದೆಗೇ ಉತ್ತರ ಹೇಳಿ ಮಿಠಾಯಿಗೆ ಬಾಯಿ ತೆರೆದಾಗಲೂ, "ತಡೀ ಅವ್ವಾ, ಇನ್ನ ಎರಡು ಪರದೆ ಅದಾವ," ಎಂದು ಬಾಯಿ ಮುಚ್ಚಿಸಿದಳು.

ರೊಟ್ಟಿಯ ಈ ಕಥೆ ಊರೆಲ್ಲ ಹಬ್ಬಿದ್ದೇ ಈಗಿನ ತೊಂದರೆ. ಹಳೆಯ ಸದ್ದು ಹಾಕಿದ ಕೂಡಲೇ ಮಕ್ಕಳೂ ರೊಟ್ಟಿ ಎಂದು ಕೂಗುತ್ತವೆ. ಅದಕ್ಕೇ ಇವತ್ತು ನಸುಕಿನಲ್ಲೇ ದ್ರೌಪತಿಯ ಶೆಡ್ಡು. ದ್ರೌಪತಿಯ ಕೈ ತೆಳುವು, ಓಟ ಹೆಚ್ಚು. ಇದನ್ನು ಬೀಟ್ ಮಾಡಿದರೆ ಮಳೆಯೆಂದು ಮೋಸಹೋಗುತ್ತಾರೆ ಎಂಬುದು ಮೀನಾಜಳ ಲೆಕ್ಕಾಚಾರ.

ಕೊನೆಗೂ ಒಂದು ರೊಟ್ಟಿ ಬೈಕು, ಕೆಮ್ಮು, ಮಾತು ಯಾವುದೂ ಅಡ್ಡ ಬರದೆ ಹಂಚಿಗೆ ಹೋಗುತ್ತದೆ. ಮೀನಾಜ್ ಮೊಬೈಲನ್ನು ಕಿವಿಗೆ ಹಿಡಿದು ಕೇಳಿ, "ಸಿಕ್ತು," ಎನ್ನುತ್ತಾಳೆ. ದ್ರೌಪತಿ ಅದೇ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ಆಕೆಯ ಕೈಗಿಡುತ್ತಾಳೆ.

ಮೀನಾಜಳ ಆ ಕೈಗಳನ್ನು ಒಮ್ಮೆ ನೋಡಬೇಕು. ಜಿಲ್ಲೆಯ ಅರ್ಧ ಮದುವೆಗಳ ಮೆಹೆಂದಿಯಲ್ಲಿ ಕೂತೆದ್ದ ಕೈಗಳು, ಆದರೆ ಒಂದು ಚುಕ್ಕೆ ಬಣ್ಣವಿಲ್ಲ. ಒದ್ದೆ ಬೆರಳಿನಿಂದ ಪ್ಯಾಡ್ ಬಾರಿಸಲಾಗುವುದಿಲ್ಲ. ಅದಕ್ಕೂ ಮೊದಲು ಹಚ್ಚುವವಳಾಗಿದ್ದಳು, ಆಗಲೂ ತಾನು ಹಚ್ಚಿಸಿಕೊಂಡವಳಲ್ಲ. ಈಗ ಕಾಲೇಜಿಗೆ ಹೋಗುವ ಮಗಳು ಇಶ್ರತ್ ಭಾನುವಾರಗಳಲ್ಲಿ ಪ್ಯಾಡ್ ಕಲಿಯುತ್ತಿದ್ದಾಳೆ. ಅವಳ ಬೆರಳು ಸ್ವಲ್ಪ ಜೋರು, ಅಂಗಳದ ಗೋಡೆ ದಾಟುತ್ತದೆ ಎಂದು ತಾಯಿ ಗದರುತ್ತಾಳೆ.

"ಆಕಿ ಕೈ ಹದಕ್ಕ ಬರ್ಲಿ," ಎನ್ನುತ್ತಾಳೆ ಮೀನಾಜ್, ರೊಟ್ಟಿ ಮುರಿಯುತ್ತಾ. "ಒಂದು ಮೆಹೆಂದ್ಯಾಗ ಆಕಿ ಬಾರಿಸ್ಬೇಕು. ನಾನು ಎರಡೂ ಕೈ ತುಂಬ ಹಚ್ಚಿಸ್ಕೊಂಡು, ಹೆಂಗಸರ ನಡು ಕೂತು ಬೂಝಬೇಕು. ಮಿಠಾಯಿ ಯಾರರೆ ನನ್ನ ಬಾಯಾಗ ಇಡಬೇಕು. ಅಷ್ಟೇ ರಿ ನಂದು."

ಸೋತರೆ ಎಂದು ದ್ರೌಪತಿ ಕಾಡುತ್ತಾಳೆ.

"ಸೋತ್ರ ಸೋತೆ," ಎನ್ನುತ್ತಾಳೆ. ಮೊಬೈಲಿಗೆ ಸುತ್ತಿದ ದುಪಟ್ಟಾ ಬಿಚ್ಚಿ ತಲೆಯ ಮೇಲೆ ಹೊದ್ದುಕೊಂಡು ಬಸ್ಸಿಗೆ ಹೊರಡುವಾಗ ಹಿಂದಿರುಗಿ ಇನ್ನೊಂದು ಮಾತು ಸೇರಿಸುತ್ತಾಳೆ. "ಆದ್ರ ನಾ ಸೋಲಂಗಿಲ್ಲ, ಅದು ಬ್ಯಾರೆ ಮಾತು."